ಶಿಕ್ಷೆಯ ವರ್ಷ ಹೆಚ್ಚಿಸುವ ಮೊದಲು ಮಹಜರು ಕನ್ನಡದಲ್ಲಿ ಕೊಡಿ

ಮಾದಕ ವಸ್ತು ಸಾಗಿಸುವವರಿಗೆ ಜೈಲು ಶಿಕ್ಷೆ ಇನ್ನೂ ಹೆಚ್ಚಾಗಬೇಕು ಅನ್ನುವ ಒತ್ತಾಯ ಈಗ ಎಲ್ಲ ಕಡೆ ಕೇಳ್ತಿದೆ. ತೂಕದ ಮಿತಿ ಇಳಿಸಿ, ಜಾಮೀನೇ ಕೊಡಬೇಡಿ, ಗಲ್ಲಿಗೇರಿಸಿ. ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಇದೇ ಮಾತು. ಮಕ್ಕಳನ್ನು ಕಳಕೊಂಡ ಮನೆಯವರ ಸಿಟ್ಟು ನಮಗೂ ಅರ್ಥ ಆಗ್ತದೆ. ಈ ವಿಷ ಮಾರುವವರ ಪರ ನಮ್ಮದು ಒಂದು ಮಾತೂ ಇಲ್ಲ. ಆದರೂ ಗಡಿ ತಾಲೂಕುಗಳ ಕನ್ನಡದ ಹುಡುಗರ ಕಡೆಯಿಂದ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಹೆಚ್ಚಾಗುವ ಆ ವರ್ಷಗಳನ್ನು ಜೈಲಲ್ಲಿ ಕಳೆಯುವವರು ಯಾರು?

ಕಾನೂನು ಸಡಿಲ ಇದೆ ಅನ್ನುವುದೇ ಮೊದಲ ತಪ್ಪು ತಿಳಿವಳಿಕೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆ ಸಿಕ್ಕಿದ ಮಾಲಿನ ತೂಕದ ಮೇಲೆ ನಿಲ್ಲುತ್ತದೆ. ಅಲ್ಪ ಪ್ರಮಾಣವಾದರೆ ಗರಿಷ್ಠ 1 ವರ್ಷ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ 10 ವರ್ಷ, ಗರಿಷ್ಠ 20, ಜತೆಗೆ ಲಕ್ಷದ ಮೇಲೆ ದಂಡ. ಇವೆರಡರ ನಡುವಿನದ್ದಕ್ಕೆ 10 ವರ್ಷದವರೆಗೆ. ನಮ್ಮ ಕಡೆ ಹೆಚ್ಚು ಕೇಳುವ ಹೆಸರು ಎಂಡಿಎಂಎ. ಅದು ಓಪಿಯಾಯ್ಡ್ ಅಲ್ಲ, ಆದರೆ ಕಾಯ್ದೆ ಅದೇ. ಅದರಲ್ಲಿ ವಾಣಿಜ್ಯ ಪ್ರಮಾಣದ ಗೆರೆ 10 ಗ್ರಾಂ. ಪ್ರಯೋಗಾಲಯದಲ್ಲಿ ತಯಾರಾಗುವ ಓಪಿಯಾಯ್ಡ್ ಫೆಂಟನಿಲ್‌ಗೆ ಆ ಗೆರೆ 0.1 ಗ್ರಾಂ. ಅಮೆರಿಕ 2025ರ ಜುಲೈನಲ್ಲಿ ಫೆಂಟನಿಲ್ ಜಾತಿಯ ವಸ್ತುಗಳ ಮೇಲೆ ಕಠಿಣ ಕಾನೂನು ತಂದಿತು, ನಮ್ಮಲ್ಲೂ ಅಂಥದ್ದು ಬರಲಿ ಅನ್ನುವವರು ಗಮನಿಸಬೇಕು: ಅಲ್ಲಿ 10 ವರ್ಷದ ಕನಿಷ್ಠ ಶಿಕ್ಷೆ ಶುರುವಾಗುವುದು 100 ಗ್ರಾಂನಿಂದ.

ಇನ್ನು ಟ್ರಮಡಾಲ್. ಆಪರೇಷನ್ ಆದವರಿಗೆ ಡಾಕ್ಟರು ಬರೆದುಕೊಡುವ ನೋವಿನ ಮಾತ್ರೆ. ಇದೂ ಓಪಿಯಾಯ್ಡ್ ಗುಂಪಿನದ್ದೇ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಇದನ್ನು ಎನ್‌ಡಿಪಿಎಸ್ ಪಟ್ಟಿಗೆ ಸೇರಿಸಿತು. ವಾಣಿಜ್ಯ ಪ್ರಮಾಣದ ಗೆರೆ 250 ಗ್ರಾಂ. ಅದು ತುಂಬಾ ಆಯ್ತಲ್ಲ ಅನ್ನಿಸಬಹುದು. ಆದರೆ 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶುದ್ಧ ಮಾದಕದ ತೂಕ ಮಾತ್ರವಲ್ಲ, ಬೆರೆಸಿದ ಪುಡಿಯೂ ಸೇರಿ ಒಟ್ಟು ತೂಕವೇ ಲೆಕ್ಕ ಎಂದು ಹೇಳಿತು. 300 ಮಿಲಿಗ್ರಾಂ ತೂಗುವ ಮಾತ್ರೆಯೊಳಗೆ ಔಷಧ 100 ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. ಶುದ್ಧ ಔಷಧದ ಲೆಕ್ಕಕ್ಕೆ ಗೆರೆ ದಾಟಲು 2500 ಮಾತ್ರೆ ಬೇಕು. ಒಟ್ಟು ತೂಕದ ಲೆಕ್ಕಕ್ಕೆ 834 ಸಾಕು. ಹತ್ತರ ಸ್ಟ್ರಿಪ್ ಆದರೆ ಸುಮಾರು 84. ಒಂದು ಸಾಧಾರಣ ಪಾರ್ಸೆಲ್!

ಈ ಪಾರ್ಸೆಲ್ ಹೊರುವವನು ಯಾರು ಅನ್ನುವುದು ಗಡಿಯಲ್ಲಿ ಇರುವ ನಮಗೆ ಗೊತ್ತು. ಮಾಲಿನ ಯಜಮಾನ ಚೆಕ್‌ಪೋಸ್ಟ್ ದಾಟುವುದಿಲ್ಲ. ತಲಪಾಡಿಯಲ್ಲಿ, ಮುತ್ತಂಗದಲ್ಲಿ ಬಸ್ಸಿನಿಂದ ಇಳಿಸಿ ನಿಲ್ಲಿಸುವುದು ಬ್ಯಾಗು ಹಿಡಿದವನನ್ನು. "ಇದನ್ನು ಆ ಕಡೆ ಮುಟ್ಟಿಸು, ಪೆಟ್ರೋಲಿಗೆ ಆಗ್ತದೆ" ಅಂದವನ ಹೆಸರು ಎಫ್‌ಐಆರ್‌ನಲ್ಲಿ ಬರುವುದೇ ಅಪರೂಪ. ಸಿಕ್ಕಿಬಿದ್ದ ಮೇಲೆ ಒಳಗೆ ಏನಿತ್ತು ಗೊತ್ತಿರಲಿಲ್ಲ ಎಂದರೆ, ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಅದನ್ನು ಸಾಬೀತು ಮಾಡಬೇಕಾದವನೂ ಆ ಹುಡುಗನೇ. ವಾಣಿಜ್ಯ ಪ್ರಮಾಣವಾದರೆ 37ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ: ಇವನು ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣ ಇದೆ ಅಂತ ನ್ಯಾಯಾಧೀಶರಿಗೆ ಅನ್ನಿಸಿದರೆ ಮಾತ್ರ ಜಾಮೀನು.

ಇನ್ನು ನಮ್ಮ ಭಾಷೆಯ ವಿಷಯ. ಇದನ್ನು ಬೇರೆ ಯಾರೂ ಮಾತಾಡುವುದಿಲ್ಲ, ನಾವೇ ಮಾತಾಡಬೇಕು. ಮೈ ಶೋಧಿಸುವ ಮೊದಲು ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ ಎಂದು ತಿಳಿಸಲೇಬೇಕು. ಇದು 50ನೇ ಸೆಕ್ಷನ್. ತಿಳಿಸುವುದು ಯಾವ ಭಾಷೆಯಲ್ಲಿ? ಮಂಜೇಶ್ವರದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನ ಮುಂದೆ ಮಲಯಾಳದ ಹಾಳೆ, ಜತ್ತದ ಹುಡುಗನ ಮುಂದೆ ಮರಾಠಿ ಪಂಚನಾಮೆ, ತಾಳವಾಡಿಯಲ್ಲಿ ತಮಿಳು. ಆ ಹಕ್ಕು ನನಗೆ ಬೇಡ ಎಂದು ಅದರಲ್ಲಿ ಬರೆದಿದ್ದರೂ ಅವನು ಸಹಿ ಹಾಕಿಬಿಡ್ತಾನೆ. ಮಾತು ಅರ್ಥ ಆಗುವುದೇ ಬೇರೆ, ಕಾನೂನಿನ ಬರಹ ಓದಿ ಅರ್ಥ ಮಾಡಿಕೊಳ್ಳುವುದೇ ಬೇರೆ. ಪೇಟೆಯಲ್ಲಿ ಮಲಯಾಳ ಮಾತಾಡ್ತಾನಲ್ಲ, ಇನ್ನೇನು ಅನ್ನುವವರಿಗೆ ಇದು ತಲೆಗೆ ಹೋಗುವುದಿಲ್ಲ.

ನಾವು ಭಿಕ್ಷೆ ಕೇಳುತ್ತಿಲ್ಲ. ಇಂಗ್ಲಿಷ್ ಬಾರದೆ ಹಿಂದಿಯಲ್ಲಿ ಕೊಡಿ ಎಂದು ಕೇಳಿದವನೊಬ್ಬನಿಗೆ ಬಂಧನದ ಕಾರಣವನ್ನು ಇಂಗ್ಲಿಷಿನಲ್ಲಿ ಕೊಟ್ಟದ್ದು ಸಾಲದು ಎಂದು ಸುಪ್ರೀಂ ಕೋರ್ಟ್ 1962ರಲ್ಲೇ, ಹರಿಕಿಸನ್ ಪ್ರಕರಣದಲ್ಲಿ ಹೇಳಿತ್ತು. 2025ರ ನವೆಂಬರಿನ ತೀರ್ಪಿನಲ್ಲಿ ಇನ್ನೂ ಮುಂದೆ ಹೋಗಿ, ಯಾವ ಅಪರಾಧವೇ ಇರಲಿ, ಬಂಧನದ ಕಾರಣವನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲೇ ಕೊಡಬೇಕು ಎಂದಿತು. ಕೇರಳದಲ್ಲಂತೂ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದ ಜತೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ರೇಶನ್ ಅರ್ಜಿಗೆ ಕನ್ನಡ ಬೇಕು ಅಂತ ನಾವು ಗಲಾಟೆ ಮಾಡ್ತೇವೆ, ಸರಿ. ಹತ್ತು ವರ್ಷದ ಜೈಲಿನ ಕಾಗದಕ್ಕೆ ಅದಕ್ಕಿಂತ ಮೊದಲೇ ಮಾಡಬೇಕಿತ್ತು.

ತೂಕದ ಮಿತಿ ಇಳಿಸಿ ಅನ್ನುವವರಿಗೆ ಹಳೆಯದೊಂದು ನೆನಪು. 1985ರ ಕಾಯ್ದೆಯಲ್ಲಿ ತೂಕದ ಈ ಮೆಟ್ಟಿಲುಗಳು ಇರಲಿಲ್ಲ. ಸ್ವಂತ ಬಳಕೆಗೆ ಅಂತ ತೋರಿಸಲಾಗದಿದ್ದರೆ ನಾಲ್ಕು ಗ್ರಾಂ ಹೆರಾಯಿನ್ ಸಿಕ್ಕವನಿಗೂ ದೊಡ್ಡ ಸಾಗಣೆದಾರನಿಗೂ ಒಂದೇ, ಕನಿಷ್ಠ 10 ವರ್ಷ. ಅದನ್ನು 2001ರಲ್ಲಿ ಸಂಸತ್ತೇ ತಿದ್ದಿತು. ಈಗ ಮಿತಿ ಇಳಿಸಿದರೆ ಮತ್ತೆ ಅಲ್ಲಿಗೇ ಹೊರಟಂತೆ.

ಆದ್ದರಿಂದ ತಿದ್ದುಪಡಿ ಬರುವುದಾದರೆ ಅದರೊಳಗೇ ಸೇರಲಿ: 50ನೇ ಸೆಕ್ಷನ್ನಿನ ತಿಳುವಳಿಕೆ, ಬಂಧನದ ಕಾರಣ, ಮಹಜರಿನ ಪ್ರತಿ, ಇಷ್ಟೂ ಆರೋಪಿ ಓದಬಲ್ಲ ಭಾಷೆಯಲ್ಲಿ ಇಲ್ಲದಿದ್ದರೆ ಊರ್ಜಿತವಲ್ಲ ಎಂದು. ಶೋಧ ಮತ್ತು ಜಪ್ತಿಯ ವಿಡಿಯೊ ಮಾಡಬೇಕು ಅಂತ ಹೊಸ ಬಿಎನ್‌ಎಸ್‌ಎಸ್‌ನ 105ನೇ ಸೆಕ್ಷನ್ ಹೇಳುತ್ತದೆ. ಆ ವಿಡಿಯೊದಲ್ಲಿ ಹುಡುಗನಿಗೆ ಹಕ್ಕು ತಿಳಿಸಿದ್ದು ಕನ್ನಡದಲ್ಲಿ ಕೇಳಿಸಲಿ. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ, ಅಲ್ಪ ಪ್ರಮಾಣದ ಕೇಸಿನಿಂದ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಆದರೆ ಚಿಕಿತ್ಸೆ ಅಂದರೆ ಮುಖ್ಯವಾಗಿ ಕೂತು ಮಾತಾಡುವುದು ತಾನೆ? ಮನಸ್ಸಿನ ಸಂಕಟವನ್ನು ಅರೆಬರೆ ಬರುವ ಭಾಷೆಯಲ್ಲಿ ಎಷ್ಟು ಹೇಳಲಿಕ್ಕಾಗುತ್ತದೆ? ಗಡಿ ತಾಲೂಕುಗಳ ಕೇಂದ್ರಗಳಲ್ಲಿ ಕನ್ನಡ ಬಲ್ಲ ಒಬ್ಬ ಆಪ್ತಸಲಹೆಗಾರರು ಬೇಕೇ ಬೇಕು.

ಸಂವಿಧಾನದ 350ನೇ ವಿಧಿಯಂತೆ ಅಹವಾಲನ್ನು ಕನ್ನಡದಲ್ಲೇ ಬರೆದು ಕೊಡಬಹುದು. ಈ ವಾರ ನಿಮ್ಮ ಜಿಲ್ಲಾಧಿಕಾರಿಗೆ, ಎಸ್‌ಪಿಗೆ ಒಂದೊಂದು ಬರೆಯಿರಿ, ಸ್ವೀಕೃತಿ ಪಡೆದು ಅದರ ಫೋಟೊ ನಮಗೆ ಕಳಿಸಿ. ಗೆಳೆಯ ಯಾರಾದರೂ ಚಟದಲ್ಲಿ ಸಿಕ್ಕಿದ್ದರೆ 14446, ಕೇಸಿನಲ್ಲಿ ಸಿಕ್ಕಿದ್ದರೆ ಉಚಿತ ಕಾನೂನು ನೆರವಿಗೆ 15100. ಫೋನು ಎತ್ತಿದವರಿಗೆ ಕನ್ನಡ ಬರದಿದ್ದರೆ ಅದನ್ನೂ ಬರೆದು ಕಳಿಸಿ.