ಫುಟ್‌ಪಾತ್‌ನ ಒಡೆಯರು ಯಾರು?

ದೃಷ್ಟಿಯಿಲ್ಲದ ವ್ಯಕ್ತಿಯೊಬ್ಬರು ಬಿಳಿಕೋಲು ಹಿಡಿದು ಫುಟ್‌ಪಾತ್‌ನಲ್ಲಿ ನಡೆಯುತ್ತಿದ್ದಾರೆಂದು ಭಾವಿಸೋಣ. ನಿನ್ನೆ ಖಾಲಿಯಿದ್ದ ಜಾಗದಲ್ಲಿ ಇಂದು ಮೂವತ್ತು ಕಿಲೋಗೂ ಮಿಕ್ಕಿದ ಭಾರದ ವಿದ್ಯುತ್ ಬೈಕೊಂದು ಅಡ್ಡಬಿದ್ದಿದೆ. ಅದನ್ನು ಅಲ್ಲಿ ಬಿಟ್ಟುಹೋದವರಾರೆಂದು ಅವರಿಗೆ ತಿಳಿಯದು. ಲಂಡನ್ ನಗರವು ಕೆಲವು ವರ್ಷಗಳಿಂದ ಎದುರಿಸುತ್ತಿರುವ ಸಮಸ್ಯೆಯಿದು.

2010ರಲ್ಲಿ ಅಲ್ಲಿ ಆರಂಭವಾದ ಸಾರ್ವಜನಿಕ ಬಾಡಿಗೆ ಸೈಕಲ್‌ಗಳನ್ನು ಗೊತ್ತಾದ ನಿಲ್ದಾಣಕ್ಕೇ ಮರಳಿಸಬೇಕಿತ್ತು. 2018ರ ಡಿಸೆಂಬರ್‌ನಲ್ಲಿ ಬಂದ ಲೈಮ್ ಕಂಪೆನಿಯ ವಿದ್ಯುತ್ ಬೈಕುಗಳಿಗೆ ಅಂತಹ ನಿಲ್ದಾಣವಿಲ್ಲ. ಮೊಬೈಲ್‌ನಲ್ಲಿ ಬೀಗ ತೆರೆದು, ನಿಮಿಷದ ಲೆಕ್ಕದಲ್ಲಿ ಬಾಡಿಗೆ ತೆತ್ತು, ತಲುಪಿದಲ್ಲಿ ಬಿಟ್ಟುಹೋಗುವ ಏರ್ಪಾಡು ಅದು. ಬಾಡಿಗೆಯು ನಿಮಿಷಕ್ಕೆ ಏರುವಾಗ ಸವಾರನು ಸರಿಯಾದ ಜಾಗ ಹುಡುಕುತ್ತಾ ಅಲೆದಾನೆಯೇ?

ವಾಹನದ ಬಗ್ಗೆ ಬ್ರಿಟನ್ನಿನಲ್ಲಿ ಕಾನೂನು ಇದೆ. ಮೋಟಾರು 250 ವ್ಯಾಟ್ ಮೀರಬಾರದು, ವೇಗವು ಗಂಟೆಗೆ ಸುಮಾರು 25 ಕಿ.ಮೀ. ತಲುಪಿದೊಡನೆ ಅದರ ನೆರವು ನಿಲ್ಲಬೇಕು. ಆದರೆ ಇಂತಹ ಸಾವಿರಾರು ವಾಹನಗಳನ್ನು ಬೀದಿಗಿಳಿಸಿ ಲಾಭ ಗಳಿಸುವ ಕಂಪೆನಿಗೆ ಪರವಾನಿಗೆಯ ಕಟ್ಟುಪಾಡು ಇರಲಿಲ್ಲ. ನಗರದ 33 ಸ್ಥಳೀಯಾಡಳಿತಗಳು ಪ್ರತ್ಯೇಕ ಒಪ್ಪಂದಗಳಿಗಾಗಿ ಕಂಪೆನಿಗಳ ಜೊತೆ ಚೌಕಾಶಿ ನಡೆಸಬೇಕಾಯಿತು. 2024ರಲ್ಲಿ ಬ್ರೆಂಟ್ ಆಡಳಿತವು ಬೈಕುಗಳನ್ನು ಹೊರಹಾಕುವ ಎಚ್ಚರಿಕೆ ನೀಡಿತು. 2025ರಲ್ಲಿ ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಆಡಳಿತವು ಅಡ್ಡಾದಿಡ್ಡಿ ಬಿಟ್ಟ ಬೈಕುಗಳನ್ನು ವಶಪಡಿಸಿಕೊಂಡು ಶುಲ್ಕ ವಸೂಲು ಮಾಡಿತು. ಪರವಾನಿಗೆಯ ಅಧಿಕಾರ ನೀಡುವ ಮಸೂದೆಯು ಪಾರ್ಲಿಮೆಂಟಿನ ಮುಂದೆ ಬಂದುದು 2025ರ ಜುಲೈಯಲ್ಲಿ. ಬೈಕುಗಳು ಬೀದಿಗಿಳಿದು ಆರು ವರ್ಷಗಳು ಕಳೆದ ಮೇಲೆ!

ಹಾಗಾದರೆ ನಿಷೇಧವೇ ಪರಿಹಾರವೇ? ನಾವು ಹಾಗೆನ್ನಲಾರೆವು. ರಾತ್ರಿಪಾಳಿ ಮುಗಿಸಿ ಬಸ್ಸಿಲ್ಲದ ಹೊತ್ತಿನಲ್ಲಿ ಮನೆ ಸೇರಬೇಕಾದವರಿಗೆ ಈ ಬೈಕು ದೊಡ್ಡ ಅನುಕೂಲ. 2023ರ ಏಪ್ರಿಲ್‌ನಲ್ಲಿ ಪ್ಯಾರಿಸ್ ನಗರವು ಬಾಡಿಗೆ ವಿದ್ಯುತ್ ಸ್ಕೂಟರ್‌ಗಳ ಕುರಿತು ಜನಮತ ಕೇಳಿದಾಗ, ಮತ ಹಾಕಿದವರ ಪೈಕಿ ಶೇ. 89ರಷ್ಟು ಮಂದಿ ವಿರೋಧಿಸಿದರು. ಆದರೆ ಮತ ಹಾಕಿದವರು ಮತದಾರರಲ್ಲಿ ಶೇ. 8ಕ್ಕಿಂತಲೂ ಕಡಿಮೆ. ಸ್ಕೂಟರ್ ಹೋಯಿತು, ಬಾಡಿಗೆ ಬೈಕು ಉಳಿಯಿತು. ಹೊತ್ತು ಮೀರುವ ತನಕ ಸುಮ್ಮನಿದ್ದು ಬಳಿಕ ನಿಷೇಧಿಸುವುದು ಆಡಳಿತದ ಜಾಣ್ಮೆಯಲ್ಲ.

ಇದು ಕೇವಲ ಲಂಡನ್ನಿನ ಕತೆಯಲ್ಲ. ಯುಲುವಿನಂತಹ ಬಾಡಿಗೆ ವಿದ್ಯುತ್ ವಾಹನಗಳು ಬೆಂಗಳೂರಿನಲ್ಲಿಯೂ ಓಡಿವೆ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, 25 ಕಿ.ಮೀ. ವೇಗದ ಮಿತಿಯೊಳಗಿನ ಇಂತಹ ವಾಹನಗಳಿಗೆ ನಮ್ಮಲ್ಲಿಯೂ ನೋಂದಣಿ ಬೇಕಿಲ್ಲ, ಸವಾರನಿಗೆ ಲೈಸೆನ್ಸ್ ಬೇಕಿಲ್ಲ. ಇನ್ನೊಂದೆಡೆ, ಅದೇ ಬೀದಿಯಲ್ಲಿ ತಳ್ಳುಗಾಡಿಯಿಟ್ಟು ಹಣ್ಣು ಮಾರುವವನನ್ನು ನೋಡಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಅವನಿಗೆ ಪ್ರಮಾಣಪತ್ರ ಬೇಕು, ಗೊತ್ತುಪಡಿಸಿದ ಜಾಗ ಬೇಕು, ಶುಲ್ಕವನ್ನೂ ತೆರಬೇಕು. ತಪ್ಪಿದರೆ ಗಾಡಿಯೇ ಜಪ್ತಿಯಾದೀತು.

ಒಂದು ಗಾಡಿಯವನಿಗೆ ಇಷ್ಟೊಂದು ಶಿಸ್ತು ವಿಧಿಸುವ ವ್ಯವಸ್ಥೆಯು ಸಾವಿರ ಗಾಡಿಯ ಒಡೆಯನ ಮುಂದೆ ಮೌನವಾಗುವುದೇಕೆ? ನಾವು ಕೇಳುವುದು ಒಂದೇ ಅಳತೆಗೋಲು. ಕಂಪೆನಿಗೆ ಪರವಾನಿಗೆ ಇರಲಿ, ಬೈಕುಗಳ ಸಂಖ್ಯೆಗೆ ಮಿತಿಯಿರಲಿ. ನಿಲ್ಲಿಸುವ ಜಾಗವನ್ನು ರಸ್ತೆಯ ಅಂಚಿನಲ್ಲಿ ಗುರುತಿಸಿ, ಬಾಡಿಗೆಯನ್ನು ಕಂಪೆನಿಯಿಂದಲೇ ಪಡೆಯಲಿ. ಅಡ್ಡಬಿದ್ದ ಬೈಕನ್ನು ಗೊತ್ತಾದ ಅವಧಿಯೊಳಗೆ ತೆರವುಗೊಳಿಸದಿದ್ದರೆ ದಂಡ ವಿಧಿಸಲಿ. ಫುಟ್‌ಪಾತ್ ನಡೆಯುವವರದು; ಅದರಲ್ಲೂ ಕಣ್ಣಿಲ್ಲದವರ, ಗಾಲಿಕುರ್ಚಿಯವರ, ಮಗುವಿನ ಕೈಹಿಡಿದು ನಡೆಯುವ ತಾಯಂದಿರ ಪಾಲಿಗೆ ಬೇರೆ ದಾರಿಯೇ ಇಲ್ಲ.