ಗೆರೆ ಉಳಿಯಿತು, ಹೆಸರು ಹೋಯಿತು!



ಅಂಗಡಿ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು ಎಂದು ಬೀದಿಗಿಳಿದಿರಿ. ಇಳಿಯಲೇಬೇಕಿತ್ತು. ಆದರೆ ಬೋರ್ಡು ಕಣ್ಣಿಗೆ ಕಾಣುವಂಥದ್ದು. ಕಣ್ಣಿಗೆ ಕಾಣದ ಒಂದು ಜಾಗದಲ್ಲಿ, ನಮ್ಮದೇ ಕಂಪ್ಯೂಟರುಗಳ ಹೊಟ್ಟೆಯೊಳಗೆ, ಕನ್ನಡ ಸದ್ದಿಲ್ಲದೆ ಅಳಿಸಿಹೋಗುತ್ತಿದೆ. ಅದಕ್ಕಾಗಿ ಯಾರಾದರೂ ಒಂದು ಘೋಷಣೆ ಕೂಗಿದ್ದನ್ನು ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ನಾನು ಪಂಡಿತನಲ್ಲ. ಓದಿದ್ದು ಪಿಯುಸಿ. ಬೇಲೂರು ತಾಲ್ಲೂಕಿನ ಅರೇಹಳ್ಳಿಯಲ್ಲಿ ಪ್ರೆಸ್ ಇಟ್ಟುಕೊಂಡಿದ್ದೇನೆ. ಅಪ್ಪ ಮೊಳೆ ಜೋಡಿಸಿ ಟ್ರೆಡಲ್ ತುಳಿದರು, ನಾನು ಕೀಬೋರ್ಡ್ ಕುಟ್ಟುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ತಿಥಿ ಕಾರ್ಡು, ಜಾತ್ರೆಯ ಕರಪತ್ರ: ನನ್ನ ಸಾಹಿತ್ಯ ಸೇವೆ ಇಷ್ಟೇ. ಜೊತೆಗೆ ಮನೆ ಪ್ಲಾನು, ತೋಟದ ನಕ್ಷೆಗಳನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆದುಕೊಡುತ್ತೇನೆ. ಇವತ್ತಿನ ಮಾತು ಅಂಥ ಒಂದು ನಕ್ಷೆಯದ್ದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. ಊರೂರಲ್ಲಿ ಹಳೆಯ ಕಂಪ್ಯೂಟರುಗಳು ಅಟ್ಟ ಸೇರಿದವು. ನಮ್ಮ ಕಡೆ ಪ್ಲಾನು ಬರೆದುಕೊಡುವ ಹುಡುಗನೊಬ್ಬ ಕೂಡ ಹೊಸ ಮಿಷನ್ನು ತಂದ, ವಿಂಡೋಸ್ 11 ಹಾಕಿಸಿದ. ಒಂದು ಸಂಜೆ ಪೆನ್ ಡ್ರೈವ್ ಹಿಡಿದು ಓಡಿಬಂದ. "ಅಣ್ಣಾ, ನಕ್ಷೆ ಕೆಟ್ಟುಹೋಗಿದೆ, ನಾಳೆ ಪಾಲುಪಾರೀಕತ್ತಿಗೆ ಕೊಡಬೇಕು" ಎಂದ.

ತೆರೆದು ನೋಡಿದೆ. ಅದು ಅಣ್ಣ ತಮ್ಮಂದಿರ ಕಾಫಿ ತೋಟದ ನಕ್ಷೆ, 2009ರಲ್ಲಿ ಬರೆದದ್ದು. ಗೆರೆಗಳಿಗೆ ಏನೂ ಆಗಿರಲಿಲ್ಲ. ಬೇಲಿ, ಬಂಡಿದಾರಿ, ಹಳ್ಳ, ಅಳತೆ ಎಲ್ಲವೂ ಇದ್ದ ಹಾಗೇ ಇದ್ದವು. ಆದರೆ ಹೆಸರುಗಳು? 'ಹಲಸಿನ ಮರದ ಬದು' ಇರಬೇಕಾದಲ್ಲಿ ತಲೆಯ ಮೇಲೆ ಗೀಟು ಹಾಕಿಕೊಂಡ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ಪ್ರಶ್ನಾರ್ಥಕ ಚಿಹ್ನೆ! ಇಡೀ ತೋಟದಲ್ಲಿ ಒಂದೇ ಒಂದು ಕನ್ನಡ ಅಕ್ಷರ ಉಳಿದಿರಲಿಲ್ಲ.

ಆ ಹೆಸರುಗಳನ್ನು ಹೇಳಿ ಬರೆಸಿದ್ದು ಮನೆಯ ಯಜಮಾನರು. ಅವರು ಈಗಿಲ್ಲ. ಕಾಗದದ ಪ್ರತಿ ಗೆದ್ದಲಿನ ಪಾಲಾಗಿತ್ತು. ಯಾವ ಬದುವಿನ ತನಕ ಯಾರಿಗೆ ಎಂದು ಅವರು ಬಾಯಲ್ಲಿ ಹೇಳಿದ್ದು ಸರ್ವೆ ನಂಬರಿನಲ್ಲಿ ಅಲ್ಲ, ಆ ಹೆಸರುಗಳಲ್ಲಿ. ಈಗ ಹೇಳಿ, ಕನ್ನಡ ಹೋದರೆ ಏನು ಹೋಗುತ್ತದೆ? ಭಾವನೆ ಮಾತ್ರ ಹೋಗುತ್ತದೆ ಎಂದು ನಗುವವರು ಆ ಇಬ್ಬರು ಅಣ್ಣ ತಮ್ಮಂದಿರ ಮುಖ ನೋಡಬೇಕಿತ್ತು.

ವೇಷ ಹಾಕಿದ ಇಂಗ್ಲಿಷ್

ಹೀಗೇಕಾಯಿತು? ವೈರಸ್ಸಲ್ಲ, ದೆವ್ವವಲ್ಲ. ನಾವು ಎಷ್ಟೋ ವರ್ಷ ಕಂಪ್ಯೂಟರಿಗೆ ಊಡಿಸಿದ್ದು ಕನ್ನಡವೇ ಅಲ್ಲ! ಹಳೆಯ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚಿತ್ರ ಕೂರಿಸಿದ್ದರು. ಅಂಥ ಒಂದು ಫಾಂಟಿನಲ್ಲಿ 'ಕನ್ನಡ' ಎಂದು ಹೊಡೆದರೆ ಕಡತದೊಳಗೆ ಕೂರುವುದು ಇವು: ಇಂಗ್ಲಿಷಿನ ಪಿ, ತಲೆಗೀಟಿನ ಎ, ಪೌಂಡಿನ ಗುರುತು, ಮತ್ತೆ ತಲೆಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಕ್ಯು, ಕೊನೆಗೆ ಇನ್ನೊಂದು ಎ. ಒಟ್ಟು ಏಳು. ಒಂದೂ ಕನ್ನಡದ್ದಲ್ಲ. ಮೇಲೆ ಆ ಫಾಂಟಿನ ವೇಷ ಇರುವ ತನಕ ಕನ್ನಡ. ವೇಷ ಕಳಚಿತೋ, ಬಣ್ಣ ಬಯಲು.

ನಕ್ಷೆಯ ಕಡತ ಫಾಂಟನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. 'ಇಂಥ ಫಾಂಟು ಬೇಕು' ಎಂದು ಅದರ ಹೆಸರನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಹೊಸ ಮಿಷನ್ನಿನಲ್ಲಿ ಆ ಫಾಂಟಿಲ್ಲದಿದ್ದರೆ ತಂತ್ರಾಂಶ ತನಗೆ ತೋಚಿದ ಇನ್ನೊಂದನ್ನು ಹಾಕಿ ಮುಂದೆ ಹೋಗುತ್ತದೆ. ಅದಕ್ಕೇನು ಗೊತ್ತು, ಅದು ಕಾಣುವುದು ಪಿ ಮತ್ತು ಕ್ಯು ಮಾತ್ರ.

ಸಾಲದ್ದಕ್ಕೆ ಒಬ್ಬೊಬ್ಬ ಫಾಂಟಿನವನದೂ ಒಂದೊಂದು ಜೋಡಣೆ. ಒಂದರಲ್ಲಿ ಹೊಡೆದದ್ದು ಇನ್ನೊಂದರಲ್ಲಿ ಬೇರೇನೋ. ಅಪ್ಪನ ಕಾಲದ ಮೊಳೆಯೇ ವಾಸಿ. ಯಾವ ಫೌಂಡ್ರಿಯಿಂದ ತಂದರೂ 'ಕ' ಮೊಳೆ 'ಕ' ಎಂದೇ ಒತ್ತುತ್ತಿತ್ತು.

ಇದಕ್ಕೆ ಮದ್ದು ಇರಲಿಲ್ಲವೇ? ಇತ್ತು ಸ್ವಾಮಿ! ಜಗತ್ತಿನ ಲಿಪಿಗಳಿಗೆಲ್ಲ ಸ್ವಂತ ಮನೆ ಕೊಡುವ ಯೂನಿಕೋಡ್ 1991ರಲ್ಲೇ ಬಂತು. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿಯೇ ಇದೆ. ಅಲ್ಲಿ 'ಕ' ಅಂದರೆ 'ಕ'. ಯಾವ ಫಾಂಟು ಹಾಕಿದರೂ, ಯಾವ ದೇಶದಲ್ಲಿ ತೆರೆದರೂ 'ಕ'. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ 'ತುಂಗಾ' ಎಂಬ ಯೂನಿಕೋಡ್ ಕನ್ನಡ ಫಾಂಟೇ ಬಂದಿತ್ತು. ಆದರೆ ಅದೇ 2001ರಲ್ಲಿ ಬಂದ ಪೇಜ್‌ಮೇಕರ್ 7 ನಮ್ಮ ಡಿ.ಟಿ.ಪಿ.ಯವರ ದೇವರಾಯಿತು. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿಯೂ ಅದೇ. ಸತ್ತ ದೇವರಿಗೆ ನಾವು ಇನ್ನೂ ಆರತಿ ಎತ್ತುತ್ತಿದ್ದೇವೆ.

ತಪ್ಪು ನನ್ನದೂ ಇದೆ, ಮುಚ್ಚಿಡುವುದಿಲ್ಲ. ಹಳೆಯ ಫಾಂಟು ಚೆಂದ, ಕೈಗೆ ಪಳಗಿದೆ, ಗಿರಾಕಿ ಕಾಯುತ್ತಾನೆ ಎಂದು ನಾನೇ ಸಾವಿರಾರು ಪುಟ ಅದರಲ್ಲೇ ಹೊಡೆದೆ.

ಸರಿಮಾಡಿದ್ದು ಹೀಗೆ

ಹುಡುಗನ ಹಳೆಯ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿದೆವು. ಹಾರ್ಡ್ ಡಿಸ್ಕ್ ಬದುಕಿತ್ತು. ಅದರ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿ ನಕಲು ಮಾಡಿಕೊಂಡೆವು. ಬೇಕಾದ ಫಾಂಟನ್ನು ಹೊಸದರಲ್ಲಿ ಹಾಕಿದೆವು. ಆದರೂ ನಕ್ಷೆಯಲ್ಲಿ ಅದೇ ಗೊಬ್ಬರ!

ಇಲ್ಲೊಂದು ಗುಟ್ಟಿದೆ, ನೆನಪಿಡಿ. ವಿಂಡೋಸ್ 10ರ 2018ರ ನಂತರದ ಆವೃತ್ತಿಗಳಲ್ಲೂ 11ರಲ್ಲೂ ಫಾಂಟನ್ನು ಸುಮ್ಮನೆ ಇನ್‌ಸ್ಟಾಲ್ ಮಾಡಿದರೆ ಅದು ಆ ಬಳಕೆದಾರನ ಖಾತೆಯೊಳಗೆ ಮಾತ್ರ ಕೂರುತ್ತದೆ. ಕೆಲವು ತಂತ್ರಾಂಶಗಳು ಅಲ್ಲಿ ಹುಡುಕುವುದೇ ಇಲ್ಲ. ಫಾಂಟಿನ ಮೇಲೆ ಬಲಗುಂಡಿ ಒತ್ತಿ, ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್ ಮಾಡು ಎಂಬುದನ್ನು ಆರಿಸಬೇಕು. ಆರಿಸಿದೆವು, ನಕ್ಷೆ ಮುಚ್ಚಿ ತೆರೆದೆವು. 'ಹಲಸಿನ ಮರದ ಬದು' ಎದ್ದು ನಿಂತಿತು. ಹುಡುಗ ಕುಣಿದಾಡಿಬಿಟ್ಟ.

ಅಷ್ಟಕ್ಕೇ ಬಿಟ್ಟರೆ ಇನ್ನು ಐದು ವರ್ಷಕ್ಕೆ ಮತ್ತೆ ಇದೇ ಪಾಡು. ಆದ್ದರಿಂದ ಮೊದಲು ಫಾಂಟು ಸಮೇತ ಪಿಡಿಎಫ್ ಮಾಡಿ ಸಾಕ್ಷಿಗೆ ಇಟ್ಟುಕೊಂಡೆವು. ಆಮೇಲೆ ಹೆಸರುಗಳನ್ನೆಲ್ಲ ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದೆವು. ಇಂಥ ಪರಿವರ್ತಕಗಳು ಬಿಟ್ಟಿಯಾಗಿಯೇ ಸಿಗುತ್ತವೆ. ಕೊನೆಗೆ ನಕ್ಷೆಯ ಅಕ್ಷರ ಶೈಲಿಯಲ್ಲಿ ಯೂನಿಕೋಡ್ ಫಾಂಟು ಕೊಟ್ಟೆವು.

ಪರಿವರ್ತಕವನ್ನು ಕಣ್ಣುಮುಚ್ಚಿ ನಂಬಬೇಡಿ, ಪ್ರೂಫ್ ನೋಡಿ. ಮುಖ್ಯವಾಗಿ ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದನ್ನು ಮೊಳೆ ಜೋಡಿಸಿದ ಹಾಗೆ ಅಕ್ಷರದ ಹಿಂದೆ ಇಡುತ್ತಿದ್ದೆವು. ಯೂನಿಕೋಡಿನಲ್ಲಿ ಬಾಯಲ್ಲಿ ಬರುವ ಕ್ರಮದಂತೆ 'ರ' ಮೊದಲು ಬರಬೇಕು. ಈ ಅದಲು ಬದಲಿನಲ್ಲಿ ಪರಿವರ್ತಕ ಎಡವಿತೋ, ಸೂರ್ಯನ ಗತಿ ಏನೆಂದು ನೀವೇ ಊಹಿಸಿ.

ಆದರೂ ಒಂದು ಹೆಸರು ಬರಲಿಲ್ಲ. ಹಳ್ಳದ ಪಕ್ಕದ ಒಂದು ತುಂಡಿನದು. ಅದನ್ನು ಬೇರೆ ಯಾವುದೋ ಫಾಂಟಿನಲ್ಲಿ ಹೊಡೆದಿದ್ದರು, ಅದು ಎಲ್ಲೂ ಸಿಗಲಿಲ್ಲ. ಅಣ್ಣನನ್ನು ಕೇಳಿದರೆ ಒಂದು ಹೆಸರು ಹೇಳಿದರು, ತಮ್ಮನನ್ನು ಕೇಳಿದರೆ ಇನ್ನೊಂದು. ಪಾಲು ಮುಂದಕ್ಕೆ ಹೋಯಿತು.

ನೀವೇನು ಮಾಡುತ್ತೀರಿ?

ನಮ್ಮ ಅರೇಹಳ್ಳಿ ಇರುವ ತಾಲ್ಲೂಕಿನಲ್ಲೇ ಹಲ್ಮಿಡಿ ಇದೆ. ಸುಮಾರು ಕ್ರಿ.ಶ. 450ರ ಕಲ್ಲು. ಬಲ್ಲವರು ಅದನ್ನು ಇವತ್ತಿಗೂ ಓದುತ್ತಾರೆ. 2009ರ ನಕ್ಷೆ ಓದಲು ನಾವು ಅಟ್ಟ ಹತ್ತಬೇಕಾಯಿತು. ನೆರೆಯ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಬಡಿದಾಡಿದರು. 2007ರಲ್ಲಿ ಹೋಗಿಬಿಟ್ಟರು. ಕೆ.ಪಿ. ರಾವ್ ಅವರು ಇಂಗ್ಲಿಷಿನ ಅದೇ ಕೀಲಿಗಳಲ್ಲಿ ಇಡೀ ಕನ್ನಡ ಹೊಡೆಯುವ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ' ಕೊಟ್ಟರು. ಅವರು ಅವರ ಕೆಲಸ ಮಾಡಿದರು. ನಾವು?

ಸರ್ಕಾರವನ್ನು ಬೈದು ಮುಗಿಸುವುದು ಸುಲಭ, ಬೈಯಲು ಕಾರಣವೂ ಇದೆ. ಯೂನಿಕೋಡೇ ಶಿಷ್ಟತೆ ಎಂದು ಆದೇಶವಾಗಿ ಹತ್ತು ವರ್ಷಕ್ಕೂ ಮೇಲಾಯಿತು. ಇವತ್ತಿಗೂ ನನ್ನ ಪ್ರೆಸ್ಸಿಗೆ ಹಳೆಯ ಫಾಂಟಿನ ಕಡತಗಳು ಬರುತ್ತಲೇ ಇವೆ. ಚೆಂದದ ಯೂನಿಕೋಡ್ ಫಾಂಟುಗಳು ಇನ್ನೂ ಸಾಲವು ಎಂಬುದೂ ನಿಜ. ಆದರೆ ತಂತ್ರಾಂಶಕ್ಕೆ ಬರ ಎಂದು ಇನ್ನು ನೆಪ ಹೇಳುವ ಹಾಗಿಲ್ಲ. ಬಿಟ್ಟಿ ಸಿಗುವ ಪುಟವಿನ್ಯಾಸದ ತಂತ್ರಾಂಶ ಸ್ಕ್ರೈಬಸ್ 1.6, 2024ರ ಜನವರಿಯಲ್ಲಿ ಬಂತು. ಅದರಲ್ಲಿ ನಮ್ಮ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ.

ಬೆಂಗಳೂರಿನ ಕಂಪನಿಗಳಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕನ್ನಡದ ಹುಡುಗ ಹುಡುಗಿಯರೇ, ನಿಮಗೆ ಇದು ನೀರು ಕುಡಿದಷ್ಟು ಸಲೀಸು. ನಮಗೆ ಬೆಟ್ಟ. ಹಬ್ಬಕ್ಕೆ ಊರಿಗೆ ಬಂದಾಗ ನಿಮ್ಮೂರಿನ ಪ್ರೆಸ್ಸಿಗೆ, ಶಾಲೆಗೆ, ಸಹಕಾರ ಸಂಘಕ್ಕೆ, ಪ್ಲಾನು ಬರೆಯುವವನ ಅಂಗಡಿಗೆ ಒಂದು ಸಲ ಹೋಗಿ. 'ಹಳೆಯ ಕಂಪ್ಯೂಟರ್ ಗುಜರಿಗೆ ಹಾಕಬೇಡಿ, ಮೊದಲು ಫಾಂಟ್ಸ್ ಫೋಲ್ಡರ್ ಕೊಡಿ' ಎಂದು ಕೇಳಿ. ಒಂದು ಮಧ್ಯಾಹ್ನ ಕೂತು ಹತ್ತು ಕಡತ ಯೂನಿಕೋಡಿಗೆ ತನ್ನಿ. ನಿಮ್ಮ ಆಫೀಸಿನಲ್ಲಿ ಹೊಸ ತಂತ್ರಾಂಶ ಕೊಳ್ಳುವಾಗ 'ಇದರಲ್ಲಿ ಕನ್ನಡದ ಒತ್ತು ಸರಿಯಾಗಿ ಬರುತ್ತದೆಯೇ?' ಎಂದು ಒಂದು ಪ್ರಶ್ನೆ ಹಾಕಿ. ಕೇಳುವವರಿಲ್ಲ ಎಂದೇ ಮಾಡುವವರಿಲ್ಲ.

ಘೋಷಣೆ ಬೇಡವೆನ್ನುತ್ತಿಲ್ಲ. ಕೂಗಿ, ಗಂಟಲಿಗೆ ನಾನೇ ಕಾಫಿ ಕೊಡುತ್ತೇನೆ. ಆದರೆ ಕೂಗಿ ಮನೆಗೆ ಹೋದ ಮೇಲೆ ಒಂದು ಹಳೆಯ ಕಡತ ತೆರೆದು ನೋಡಿ. ಒಳಗಿರುವುದು ಕನ್ನಡವೋ, ಕನ್ನಡದ ವೇಷ ಹಾಕಿದ ಪಿ ಮತ್ತು ಕ್ಯುವೋ ಎಂದು ಪರೀಕ್ಷಿಸಿ.

ಹಳ್ಳದ ಪಕ್ಕದ ಆ ತುಂಡಿಗೆ ಇನ್ನೂ ಹೆಸರು ಸಿಕ್ಕಿಲ್ಲ. ನಕ್ಷೆಯಲ್ಲಿ ಅಲ್ಲೊಂದು ಖಾಲಿ ಚೌಕ ಇದೆ. ಅಣ್ಣ ತಮ್ಮಂದಿರು ಈಗ ವಕೀಲರ ಮನೆಗೆ ಓಡಾಡುತ್ತಿದ್ದಾರೆ.

— ಅರೇಹಳ್ಳಿಯ ಪ್ರೆಸ್ಸಿನವ