ವಡೆ ವಾಸನೆಯ ಸೋಪು

ಕಳೆದ ಮೇ ತಿಂಗಳಲ್ಲಿ ಭಾವನವರ ಹೊಸ ಮನೆಯ ಒಕ್ಕಲಿಗೆ ಅಂತ ಕುಂದಾಪುರದ ಕಡೆ ಹೋಗಿದ್ದೆವು. ಊಟ ಮುಗಿದು ಹೆಂಗಸರೆಲ್ಲ ಜಗಲಿಯಲ್ಲಿ ಕುಳಿತಿದ್ದಾಗ ವಾರಗಿತ್ತಿಯ ಸೊಸೆ ಒಂದು ಕಾಗದದ ಪೊಟ್ಟಣ ತಂದು ತೋರಿಸಿದಳು. ಒಳಗೆ ಬಟ್ಟೆ ಒಗೆಯುವ ಸೋಪು. ಮೇಲೆ ಸೆಣಬಿನ ದಾರ ಬೇರೆ. ಕೈಯಲ್ಲೇ ಮಾಡಿದ್ದಂತೆ, ನ್ಯಾಚುರಲ್ಲಂತೆ, ಒಂದಕ್ಕೆ 180 ರೂಪಾಯಿಯಂತೆ. ಎಲ್ಲರೂ ಮೂಸಿ ಮೂಸಿ ನೋಡಿ ಮೆಚ್ಚಿದರು. ಅಕ್ಕ ನನ್ನ ಕಡೆ ತಿರುಗಿ, "ನೀವು ಮುಂಬೈಯವರು ಸುಮ್ಮನೆ ದುಡ್ಡು ಸುರೀತೀರಿ. ಇಂಥದ್ದೆಲ್ಲ ಮನೆಯಲ್ಲೇ ಮಾಡಿಕೊಂಡ್ರೆ ಎಷ್ಟು ಉಳೀತದೆ ಗೊತ್ತುಂಟಾ?" ಅಂದರು.

ನಾನು ಏನೂ ಮಾತಾಡಲಿಲ್ಲ. 1996ರಲ್ಲಿ ಇದೇ ಅಕ್ಕನಿಗೆ ನಾನೇ ಮಾಡಿದ ನಾಲ್ಕು ತುಂಡು ಸೋಪು ತಂದುಕೊಟ್ಟಿದ್ದೆ. "ಇದೆಂತ ಮಾರಾಯ್ತಿ, ವಡೆ ವಾಸನೆ ಬರ್ತದೆ" ಅಂತ ಅದನ್ನು ಕೊಟ್ಟಿಗೆಯ ಕಿಟಕಿಯಲ್ಲಿ ಇಟ್ಟಿದ್ದರು. ಮರುವರ್ಷ ಹೋದಾಗಲೂ ಅದು ಅಲ್ಲೇ ಇತ್ತು. ಮುಂಬೈಯಲ್ಲಿದ್ದೂ ಸೋಪಿಗೆ ದುಡ್ಡು ಬಿಚ್ಚದ ಜಿಪುಣಿ ಅಂತ ನನಗೆ ಹೆಸರೂ ಬಂತು. ಜಗಲಿಯಲ್ಲಿ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಊರಿನ ಓದುಗರು ಬೇಸರ ಮಾಡಬಾರದು.

ಮದುವೆಯಾಗಿ ನಾನು ಡೊಂಬಿವಲಿಯ ಚಾಳಿಗೆ ಬಂದದ್ದು 1991ರಲ್ಲಿ. ಒಂದು ಕೋಣೆ, ಮೂಲೆಯಲ್ಲಿ ಮೋರಿ, ಬೆಳಿಗ್ಗೆ ಸ್ವಲ್ಪ ಹೊತ್ತು ನಲ್ಲಿ ನೀರು. ಇವರು ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಭಟ್ಟಿಯ ಮುಂದೆ ಕೆಲಸ. ಅಂಗಿ, ಚಡ್ಡಿ, ಏಪ್ರನ್ ಎಲ್ಲ ಎಣ್ಣೆಮಯ. ಅಂಗಡಿಯ ಅಗ್ಗದ ಸೋಪು ಎಷ್ಟು ತಿಕ್ಕಿದರೂ ಜಿಡ್ಡು ಬಿಡುತ್ತಿರಲಿಲ್ಲ, ಸೋಪು ಮಾತ್ರ ಕರಗುತ್ತಿತ್ತು. ಪಕ್ಕದ ಕೋಣೆಯ ಮರಾಠಿ ಆಜ್ಜಿ ನನಗೆ ಸೋಪು ಮಾಡುವುದನ್ನು ಕಲಿಸಿದಳು. ಹೋಟೆಲಿನಲ್ಲಿ ವಡೆ, ಬೋಂಡ ಕರಿದು ಕಪ್ಪಾದ ಎಣ್ಣೆಯನ್ನು ಆಗ ಮಾಲಕರು ಸುಮ್ಮನೆ ಕೊಡುತ್ತಿದ್ದರು. ಇವರು ಅದನ್ನು ಡಬ್ಬಿಯಲ್ಲಿ ತುಂಬಿ ರಾತ್ರಿಯ ಲೋಕಲ್‌ನಲ್ಲಿ ತರುತ್ತಿದ್ದರು.

ಮಾಡುವ ಕ್ರಮ ಹೇಳುತ್ತೇನೆ, ಯಾಕೆಂದರೆ "ಮನೆಯಲ್ಲೇ ಮಾಡಿಕೊಳ್ಳಿ" ಅನ್ನುವವರು ಇದನ್ನು ಹೇಳುವುದಿಲ್ಲ. ಎಣ್ಣೆಯನ್ನು ನೀರು ಹಾಕಿ ಕುದಿಸಿ, ಆರಿಸಿ, ಮೇಲಿನದ್ದನ್ನು ಬಟ್ಟೆಯಲ್ಲಿ ಸೋಸಬೇಕು. ಅಂಥ ಎಣ್ಣೆ ಕಿಲೋಗೆ ಸುಮಾರು 130 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ತೆಂಗಿನೆಣ್ಣೆಯಾದರೆ ಇನ್ನೂ ಜಾಸ್ತಿ, 175ರ ಆಸುಪಾಸು. ಕಣ್ಣಂದಾಜು ನಡೆಯುವುದಿಲ್ಲ, ತೂಗಿಯೇ ಹಾಕಬೇಕು. ಕಡಿಮೆಯಾದರೆ ಸೋಪು ಜಿಡ್ಡು, ಹೆಚ್ಚಾದರೆ ಕೈ ಸುಡುತ್ತದೆ. ಕಾಸ್ಟಿಕನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್‌ಗೆ ಹಾಕಿದರೆ ಮುಖಕ್ಕೇ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಮುಟ್ಟಿಸಲೇಬಾರದು, ಅದನ್ನೇ ತಿಂದುಹಾಕುತ್ತದೆ. ಆಮೇಲೆ ಎಣ್ಣೆಗೆ ಹೊಯ್ದು ದೋಸೆ ಹಿಟ್ಟಿನ ಹದಕ್ಕೆ ಬರುವ ತನಕ ಕೋಲಿನಿಂದ ತಿರುಗಿಸುತ್ತಲೇ ಇರಬೇಕು. ಒಂದು ಗಂಟೆಯೂ ಆದೀತು, ಎರಡೂ ಆದೀತು. ಮರುದಿನ ತುಂಡು ಮಾಡಿ ನಾಲ್ಕು ವಾರ ಅಟ್ಟದಲ್ಲಿ ಒಣಗಿಸಬೇಕು.

ಸೋಪು ಒಳ್ಳೆಯದೇ ಆಗುತ್ತಿತ್ತು. ಏಪ್ರನ್ನಿನ ಜಿಡ್ಡು ಹೋಗುತ್ತಿತ್ತು. ಡೊಂಬಿವಲಿಗೆ ಬರುವುದು ಉಲ್ಹಾಸ ನದಿಯ ನೀರು, ನೊರೆ ಚೆನ್ನಾಗಿ ಏಳುತ್ತದೆ. ಹೈದರಾಬಾದಿನಲ್ಲಿ ಬೋರ್‌ವೆಲ್ ನೀರಿನ ಮನೆಯಲ್ಲಿರುವ ನನ್ನ ತಂಗಿಗೆ ಇದೇ ಸೋಪು ಕೊಟ್ಟರೆ ಬಟ್ಟೆಯ ಮೇಲೆ ಬಿಳಿ ಗಸಿ ಕೂತಿತು. ಗಡಸು ನೀರಿನ ಸುಣ್ಣದಂಶ ಸೋಪನ್ನು ಒಡೆದುಹಾಕುತ್ತದೆ. ಮೊದಲು ನೀರಿಗೆ ವಾಷಿಂಗ್ ಸೋಡಾ ಹಾಕಬೇಕು. ಇಲ್ಲವಾದರೆ ಅಂಗಡಿಯ ಡಿಟರ್ಜೆಂಟೇ ವಾಸಿ.

ಈಗ ಉಳಿತಾಯದ ಲೆಕ್ಕ. ಆ ಕಾಲದಲ್ಲಿ ತಿಂಗಳಿಗೆ ಐವತ್ತು, ಅರವತ್ತು ರೂಪಾಯಿ ಉಳಿಯುತ್ತಿತ್ತು. ಸಣ್ಣ ಮೊತ್ತ ಅನ್ನಬೇಡಿ. ಇಂಥ ಸಣ್ಣ ಸಣ್ಣ ಮೊತ್ತ ಸೇರಿಸಿಯೇ ಊರಿಗೆ ತಿಂಗಳಾ ತಿಂಗಳಾ ಮನಿಯಾರ್ಡರ್ ಹೋಗುತ್ತಿದ್ದದ್ದು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೆ ನಮ್ಮ ವರ್ಷದ ಟಿಕೆಟು ಈ ಸೋಪಿನ ದುಡ್ಡಿನಲ್ಲೇ ಆಗುತ್ತಿತ್ತು. ಸೋಪನ್ನು ಮೂಸಿ ಮುಖ ಸಿಂಡರಿಸಿದ ಮನೆಯಲ್ಲಿ ಆ ಮನಿಯಾರ್ಡರನ್ನು ಯಾರೂ ಮೂಸಿ ನೋಡಿದ್ದಿಲ್ಲ.

ಆದರೆ ಈ ಲೆಕ್ಕದಲ್ಲಿ ಎರಡು ಬಾಬತ್ತು ಬಿಟ್ಟುಹೋಗಿದೆ. ಒಂದು, ಎಣ್ಣೆ. ಉಳಿದದ್ದೆಲ್ಲ ಎಣ್ಣೆ ಪುಕ್ಕಟೆ ಸಿಕ್ಕಿದ್ದರಿಂದ. ಹೊಸ ಎಣ್ಣೆ ಕೊಂಡು ಬಟ್ಟೆ ಸೋಪು ಮಾಡುತ್ತೇನೆ ಅನ್ನುವವರು ದಯವಿಟ್ಟು ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಪಾಮ್ ಎಣ್ಣೆಯೇ ಲೀಟರಿಗೆ ನೂರು ದಾಟಿದೆ. ತೆಂಗಿನೆಣ್ಣೆಯಂತೂ 2025ರಲ್ಲಿ ಕಿಲೋಗೆ ನಾನೂರು ದಾಟಿತು. ಕಿರಾಣಿ ಅಂಗಡಿಯ ಹತ್ತು ರೂಪಾಯಿಯ ಡಿಟರ್ಜೆಂಟ್ ಬಾರಿನ ಮುಂದೆ ಅದು ಉಳಿತಾಯವಲ್ಲ, ಶೋಕಿ. ಇನ್ನು ಕೆಲವರು ಅಂಗಡಿಯ ಸೋಪನ್ನೇ ತುರಿದು, ವಾಷಿಂಗ್ ಸೋಡಾ ಬೆರೆಸಿ 'ಮನೆಯಲ್ಲೇ ಮಾಡಿದ ಪೌಡರ್' ಅನ್ನುತ್ತಾರೆ. ಅವರು ಸೋಪು ಮಾಡಲಿಲ್ಲ, ತುರಿದರು, ಅಷ್ಟೆ. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರ ಮಾರಾಟವಾಗದೆ ಉಳಿದದ್ದರಿಂದ ನಮ್ಮ ಮೈಸೂರು ಸಂಸ್ಥಾನ ಅದರ ಎಣ್ಣೆ ತೆಗೆಯಲು ಹೊರಟಿತು, ಆಮೇಲೆ ಸೋಪಿಗೂ ಕೈಹಾಕಿತು. ಉಳಿದ ಸಾಮಾನು ಕೈಯಲ್ಲಿದ್ದರೆ ಮಾತ್ರ ಈ ಕೆಲಸಕ್ಕೆ ಅರ್ಥ. ಈಗ ಆ ಕರಿದ ಎಣ್ಣೆಯೂ ಪುಕ್ಕಟೆಯಲ್ಲ. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಮತ್ತೆ ಮತ್ತೆ ಕರಿಯುವ ಎಣ್ಣೆಗೆ ಮಿತಿ ಹಾಕಿ, ಹಳೆ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಡುವ ವ್ಯವಸ್ಥೆಯನ್ನೂ ಶುರುಮಾಡಿತು. ಅದು ಒಳ್ಳೆಯದೇ. ಇವರ ಹೋಟೆಲಿನಿಂದಲೂ ಮರುವರ್ಷ ಎಣ್ಣೆ ಬರುವುದು ನಿಂತಿತು, ನನ್ನ ಸೋಪೂ ನಿಂತಿತು.

ಎರಡನೆಯದು, ನನ್ನ ಕೈ. ತಿಂಗಳಿಗೆ ಎರಡು ಮಧ್ಯಾಹ್ನ ಸೋಪಿಗೇ ಹೋಗುತ್ತಿತ್ತು. ಅದೇ ಎರಡು ಮಧ್ಯಾಹ್ನ ಸೀರೆಗೆ ಫಾಲ್ ಹೊಲಿದಿದ್ದರೆ ಹೆಚ್ಚು ಕಡಿಮೆ ಅಷ್ಟೇ ದುಡ್ಡು ಬರುತ್ತಿತ್ತು. ಇದು ನನಗೆ ಹೊಳೆಯಲು ಎಷ್ಟೋ ವರ್ಷ ಬೇಕಾಯಿತು, ಯಾಕೆಂದರೆ ಮನೆಯಲ್ಲಿ ಹೆಂಗಸಿನ ಹೊತ್ತಿಗೆ ಬೆಲೆ ಕಟ್ಟುವ ಅಭ್ಯಾಸ ನನಗೂ ಇರಲಿಲ್ಲ. ನನ್ನ ಎಡಗೈ ಮಣಿಕಟ್ಟಿನಲ್ಲಿ ಒಂದು ರೂಪಾಯಿ ಅಗಲದ ಕಲೆ ಇದೆ. ಕಾಸ್ಟಿಕ್ ನೀರು ಸಿಡಿದದ್ದು. ನಲ್ಲಿ ನೀರು ನಿಂತ ಹೊತ್ತು, ಕೊಡದ ನೀರನ್ನೆಲ್ಲ ಸುರಿದುಕೊಂಡೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಮಗಳಿಗೆ ಆಗ ನಾಲ್ಕು ವರ್ಷ. ಕಲಸಿಟ್ಟ ಕಾಸ್ಟಿಕ್ ನೀರು ಆರಲಿ ಅಂತ ಸ್ಟೀಲ್ ಚೆಂಬಿನಲ್ಲಿ ಇಟ್ಟು ಎಣ್ಣೆ ಸೋಸುತ್ತಿದ್ದೆ. ನೋಡಲಿಕ್ಕೆ ಅದು ನೀರಿನ ಹಾಗೆಯೇ. ಬಾಯಾರಿ ಬಂದ ಮಗು ಚೆಂಬಿಗೆ ಕೈಹಾಕಿತು. ಆಜ್ಜಿ ಬಾಗಿಲಲ್ಲಿ ಇರದೆ ಹೋಗಿದ್ದರೆ! ಅವತ್ತಿನಿಂದ ಮಗಳು ಶಾಲೆಯಲ್ಲಿರುವಾಗ ಮಾತ್ರ ಮಾಡುತ್ತಿದ್ದೆ, ಅದಕ್ಕೆಂದೇ ಇಟ್ಟ ಕೆಂಪು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಐವತ್ತು ರೂಪಾಯಿಯ ಲೆಕ್ಕದಲ್ಲಿ ಆ ಚೆಂಬನ್ನು ಎಲ್ಲಿ ಬರೆಯುವುದು ಹೇಳಿ?

1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲರು ಮನೆಯ ಹಿತ್ತಲಲ್ಲೇ ಪೌಡರ್ ಬೆರೆಸಿ ಸೈಕಲಿನಲ್ಲಿ ಮಾರಿದರು. ಅದು ನಿರ್ಮಾ ಆಯಿತು. ಅವರಿಗೆ 2010ರಲ್ಲಿ ಪದ್ಮಶ್ರೀಯೂ ಬಂತು. ಬರಲೇಬೇಕಾದದ್ದು, ಬಡವರ ಮನೆಗೆ ಅಗ್ಗದ ಪೌಡರ್ ತಂದುಕೊಟ್ಟವರು. ಆದರೆ ಗಂಡಸು ಹಿತ್ತಲಲ್ಲಿ ಮಾಡಿದರೆ ಉದ್ಯಮ, ಹೆಂಗಸು ಮೋರಿಯಲ್ಲಿ ಮಾಡಿದರೆ ಜಿಪುಣತನ, ಅದಕ್ಕೇ ಸೆಣಬಿನ ದಾರ ಕಟ್ಟಿ 180 ಹಾಕಿದರೆ ನ್ಯಾಚುರಲ್ ಅನ್ನುತ್ತೀರಲ್ಲ, ಇದು ಯಾವ ಊರಿನ ನ್ಯಾಯ? ದಾರ ಕಟ್ಟಿದ ಆ ಸೋಪೂ ಕಾಸ್ಟಿಕ್ ಇಲ್ಲದೆ ಆದದ್ದಲ್ಲ.

ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಊರಲ್ಲೂ ಹೋಟೆಲುಗಳಿವೆ, ಜಾತ್ರೆ ಮದುವೆಗಳಲ್ಲಿ ಡಬ್ಬಿಗಟ್ಟಲೆ ಎಣ್ಣೆ ಉಳಿಯುತ್ತದೆ. ಅದನ್ನು ಚರಂಡಿಗೆ ಸುರಿಯುವ ಬದಲು ಸೋಪು ಮಾಡಿ. ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಹಾಕಿಕೊಳ್ಳಿ, ತೂಗಿ ಹಾಕಿ. ನಮಗೆ ಮಾತ್ರ ಉಳಿತಾಯದ ಪಾಠ ಬೇಡ. ಮುಂಬೈಯಲ್ಲಿ ಮೂವತ್ತು ವರ್ಷ ನಾವು ಮಾಡಿದ್ದು ಅದೊಂದನ್ನೇ.

ಅಕ್ಕಾ, ದೀಪಾವಳಿಗೆ ಬರ್ತೇವೆ. ನಿಮ್ಮ ಹಬ್ಬದ ಕರಿದ ಎಣ್ಣೆ ಚೆಲ್ಲಬೇಡಿ. ಕಾಸ್ಟಿಕ್ ನಾನು ತರ್ತೇನೆ. ತೂಗಿ ಕೊಡುವುದು ನಾನು. ಭಾವನೂ ಇವರೂ ಸರದಿ ಪ್ರಕಾರ ಎರಡು ಗಂಟೆ ತಿರುಗಿಸಲಿ. ನಾವಿಬ್ಬರೂ ಜಗಲಿಯಲ್ಲಿ ಕೂತು ಎಷ್ಟು ಉಳೀತು ಅಂತ ಲೆಕ್ಕ ಹಾಕುವ.